ಗೂಗಲ್ ಬಿಟ್ಟು ಬೇರೆ ಸರ್ಚ್ ಎಂಜಿನ್‌ಗೆ ಹೋಗುವುದು: ಎಲ್ಲಿಗೆ, ಎಷ್ಟರ ಮಟ್ಟಿಗೆ?

ಮರಕುಟಿಗ:

ಸರ್ಚ್ ಎಂಜಿನ್ ಬದಲಿಸುವ ಮಾತು ಬಂದಾಗಲೆಲ್ಲ ಚರ್ಚೆ ‘ಯಾವುದು ಒಳ್ಳೆಯದು’ ಎಂಬಲ್ಲಿಗೆ ಹೋಗಿ ನಿಂತುಬಿಡುತ್ತದೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಾವು ಹುಡುಕುವುದರಲ್ಲಿ ಯಾವುದು ಇನ್ನೊಬ್ಬರ ಕಡತ ಸೇರಬಾರದು?

ವೈದ್ಯರ ಬಳಿ ಹೋಗುವ ಮುಂಚೆಯೇ ರೋಗಲಕ್ಷಣವನ್ನು ಹುಡುಕು ಪೆಟ್ಟಿಗೆಯಲ್ಲಿ ಬರೆಯುತ್ತೇವೆ. ಸಾಲ ತೀರಿಸದಿದ್ದರೆ ಏನಾಗುತ್ತದೆ, ಮದುವೆ ಮುರಿದರೆ ಮಕ್ಕಳು ಯಾರ ಬಳಿ ಇರಬೇಕು, ಕುಡಿತ ಬಿಡಿಸುವುದು ಹೇಗೆ ಎಂದೆಲ್ಲ ಕೇಳುತ್ತೇವೆ. ಮನೆಯವರಿಗೂ ಹೇಳದ ಮಾತು ಮೊದಲು ಹೋಗುವುದು ಅಲ್ಲಿಗೆ. ಬೇರೆ ಯಾವ ಜಾಲತಾಣಕ್ಕೂ ನಾವು ಇಷ್ಟು ನೇರವಾಗಿ, ಇಷ್ಟು ನಿಜವಾಗಿ ನಮ್ಮ ಮನಸ್ಸನ್ನು ಬರೆದು ಕೊಡುವುದಿಲ್ಲ. ಸಾಮಾಜಿಕ ಜಾಲತಾಣದಲ್ಲಿ ನಾಲ್ವರು ನೋಡುತ್ತಾರೆಂಬ ಎಚ್ಚರ ಇರುತ್ತದೆ, ಹುಡುಕು ಪೆಟ್ಟಿಗೆಯ ಮುಂದೆ ಅದೂ ಇರುವುದಿಲ್ಲ.

ಗೂಗಲ್ 2007ರಲ್ಲಿ ಡಬಲ್‌ಕ್ಲಿಕ್ ಎಂಬ ಜಾಹೀರಾತು ಸಂಸ್ಥೆಯನ್ನು ಕೊಳ್ಳುವುದಾಗಿ ಪ್ರಕಟಿಸಿತು. 2012ರಲ್ಲಿ ತನ್ನ ಬೇರೆ ಬೇರೆ ಸೇವೆಗಳ ಖಾಸಗಿತನ ನೀತಿಗಳನ್ನೆಲ್ಲ ಒಂದು ಮಾಡಿತು. 2016ರಲ್ಲಿ, ಡಬಲ್‌ಕ್ಲಿಕ್‌ನ ಜಾಡಿನ ಮಾಹಿತಿಯನ್ನು ವ್ಯಕ್ತಿಯ ಗುರುತಿನ ಜೊತೆ ಬೆರೆಸುವುದಿಲ್ಲವೆಂಬ ಹಳೆಯ ಮಾತನ್ನು ತನ್ನ ನೀತಿಯಿಂದ ತೆಗೆದುಹಾಕಿತು. ಅಂದರೆ ಹುಡುಕಾಟ, ಇಮೇಲ್, ನಕ್ಷೆ, ವಿಡಿಯೊ, ಹೊರಗಿನ ತಾಣಗಳ ಜಾಹೀರಾತು, ಎಲ್ಲವೂ ಒಂದೇ ಹೆಸರಿನಡಿ ಸೇರಬಹುದಾದ ವ್ಯವಸ್ಥೆ ಹಂತಹಂತವಾಗಿ ಕಟ್ಟಿಕೊಂಡಿತು. ನನಗೆ ಭಯ ಹುಟ್ಟಿಸುವುದು ಈ ಸೇರಿಕೆ. ಒಂದೊಂದು ಹುಡುಕಾಟವನ್ನು ಬಿಡಿಯಾಗಿ ನೋಡಿದರೆ ಅಂಥ ಅಪಾಯವೇನೂ ಕಾಣುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು: ಎಲ್ಲವನ್ನೂ ಒಂದೇ ದಿನ ಬಿಡಲು ಹೋಗಬೇಡಿ. ಆರೋಗ್ಯ, ಹಣ, ಸಂಬಂಧ, ನಂಬಿಕೆ, ರಾಜಕೀಯ, ಇವುಗಳ ಹುಡುಕಾಟವನ್ನು ಮೊದಲು ಬೇರೆ ಕಡೆಗೆ ಒಯ್ಯಿರಿ, ಅದೂ ಗೂಗಲ್ ಖಾತೆ ತೆರೆದಿರದ ಬೇರೊಂದು ಬ್ರೌಸರ್‌ನಲ್ಲಿ. ನಾನು ಹೀಗೆಯೇ ಆರಂಭಿಸಿದೆ. ಉಳಿದದ್ದು ತಾನಾಗಿ ಹಿಂದೆ ಬಂತು. ನೀವು ಏನು ಬಳಸುತ್ತಿದ್ದೀರಿ, ಎಲ್ಲಿ ತೊಡಕಾಯಿತು, ಹೇಳಿ.

ಬಿಳಿಹಾಳೆ:

ನಾನು ಬದಲಿಸಿಲ್ಲ, ಬದಲಿಸಬೇಕೇ ಎಂಬ ಪ್ರಶ್ನೆ ಪ್ರಾಮಾಣಿಕವಾಗಿಯೇ ಇದೆ. ನನ್ನ ಕೆಲಸಕ್ಕೆ ದಿನವಿಡೀ ಹುಡುಕಬೇಕು. ಅರ್ಧ ನೆನಪಿರುವ ಹೆಸರು, ತಪ್ಪು ಕಾಗುಣಿತ, ಹಳೆಯ ದಾಖಲೆ, ಏನು ಕೊಟ್ಟರೂ ಗೂಗಲ್ ಹತ್ತಿರದ್ದನ್ನು ತಂದುಕೊಡುತ್ತದೆ. ನನ್ನ ಹಿಂದಿನ ಹುಡುಕಾಟ ಗೊತ್ತಿರುವುದರಿಂದಲೇ ಅದು ಇಷ್ಟು ಚೆನ್ನಾಗಿ ಹುಡುಕುತ್ತದೆ ಎಂಬುದು ನನ್ನ ಅನಿಸಿಕೆ. ಮುಚ್ಚಿಡಬೇಕಾದದ್ದು ನನ್ನಲ್ಲಿ ಏನೂ ಇಲ್ಲ. ನನ್ನ ಬಗ್ಗೆ ಒಂದು ಯಂತ್ರಕ್ಕೆ ಗೊತ್ತಿದ್ದರೆ ನನಗಾಗುವ ಹಾನಿ ಏನು? ಅದನ್ನು ಯಾರಾದರೂ ಸ್ಪಷ್ಟವಾಗಿ ಹೇಳಿದರೆ ನಾನು ಯೋಚಿಸಲು ಸಿದ್ಧ.

ಗ್ರಂಥಪಾಲಕಿ:

ಬಿಳಿಹಾಳೆಯವರೇ, ನನ್ನ ವೃತ್ತಿಯಿಂದ ಉತ್ತರಿಸುತ್ತೇನೆ. ಓದುಗರು ಯಾವ ಪುಸ್ತಕ ಒಯ್ದರು ಎಂಬುದನ್ನು ಗುಟ್ಟಾಗಿಡಬೇಕು ಎಂಬುದು ನಮ್ಮ ಕಸುಬಿನ ಹಳೆಯ ನಿಯಮ. ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲಿಯೇ ಅದನ್ನು ತನ್ನ ನೀತಿಸಂಹಿತೆಯಲ್ಲಿ ಬರೆದುಕೊಂಡಿತು. ಇಂದು ಅನೇಕ ಗ್ರಂಥಾಲಯಗಳು ಬಳಸುವ ಕೋಹಾ ತಂತ್ರಾಂಶದಲ್ಲಿ, ಪುಸ್ತಕ ಹಿಂತಿರುಗಿದ ಮೇಲೆ ಓದುಗನ ಹೆಸರಿಗೂ ಪುಸ್ತಕಕ್ಕೂ ಇರುವ ಕೊಂಡಿಯನ್ನು ಕಡಿದುಹಾಕುವ ಸೌಲಭ್ಯವಿದೆ. ಓದುಗರೆಲ್ಲ ಅಪರಾಧಿಗಳೆಂದು ಯಾರೂ ಇದನ್ನು ಮಾಡಲಿಲ್ಲ. ಯಾರೋ ಬರೆದಿಟ್ಟುಕೊಳ್ಳುತ್ತಿದ್ದಾರೆ ಎಂದು ಗೊತ್ತಾದರೆ ಮನುಷ್ಯ ಕೆಲವು ಪುಸ್ತಕಗಳನ್ನು ಕೇಳುವುದನ್ನೇ ನಿಲ್ಲಿಸುತ್ತಾನೆ. ಹಾನಿ ಮೊದಲು ಆಗುವುದು ಅಲ್ಲಿ, ಕೇಳುವ ಧೈರ್ಯಕ್ಕೆ.

ಇನ್ನು ಕಣ್ಣಿಗೆ ಕಾಣುವ ಹಾನಿ. 2006ರ ಆಗಸ್ಟ್‌ನಲ್ಲಿ ಎಒಎಲ್ ಎಂಬ ಅಮೆರಿಕದ ಇಂಟರ್‌ನೆಟ್ ಸಂಸ್ಥೆ ಸಂಶೋಧಕರಿಗೆ ಅನುಕೂಲವಾಗಲೆಂದು ಸುಮಾರು ಆರೂವರೆ ಲಕ್ಷ ಬಳಕೆದಾರರ ಎರಡು ಕೋಟಿಯಷ್ಟು ಹುಡುಕಾಟಗಳನ್ನು ಜಾಲದಲ್ಲಿ ಇಟ್ಟಿತು. ಹೆಸರುಗಳನ್ನು ತೆಗೆದು ಸಂಖ್ಯೆ ಕೊಟ್ಟಿದ್ದರು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರರು ಒಂದು ಸಂಖ್ಯೆಯ ಹಿಂದಿದ್ದ ವೃದ್ಧ ಮಹಿಳೆಯ ಮನೆಯ ಬಾಗಿಲಿಗೆ ಹೋಗಿ ನಿಂತರು. ಅವರ ಗುರುತು ಸಿಕ್ಕಿದ್ದು ಗುಟ್ಟಿನ ಹುಡುಕಾಟಗಳಿಂದಲ್ಲ. ತಮ್ಮ ಊರು, ತಮ್ಮದೇ ಮನೆತನದ ಹೆಸರಿನವರು, ತಮ್ಮ ಬಡಾವಣೆಯ ಮನೆಗಳು, ಇಂಥ ಸಾಧಾರಣ ಹುಡುಕಾಟಗಳೇ ಸೇರಿ ಅವರತ್ತ ಬೆರಳು ತೋರಿಸಿದವು. ಅದೇ ಪಟ್ಟಿಯಲ್ಲಿ ಕಾಯಿಲೆ ಕಸಾಲೆಗಳ ಪ್ರಶ್ನೆಗಳೂ ಇದ್ದವು.

ಆದ್ದರಿಂದ ಮರಕುಟಿಗರ ಸಲಹೆಗೂ ನನ್ನದೊಂದು ತಿದ್ದುಪಡಿ ಇದೆ. ಸೂಕ್ಷ್ಮವಾದದ್ದನ್ನು ಮಾತ್ರ ಬೇರೆಡೆ ಒಯ್ದರೆ ಸಾಕೆಂದುಕೊಳ್ಳಬಾರದು. ಗುರುತು ಹಿಡಿದುಕೊಡುವುದು ಸಾಧಾರಣವಾದದ್ದೇ.

ನೀಲಿಶಾಯಿ:

ಇಷ್ಟೆಲ್ಲ ಏಕೆ, ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಹುಡುಕಿದರೆ ಸಾಲದೇ? ನಾನು ಈವರೆಗೆ ಹಾಗೆಯೇ ಮಾಡುತ್ತಿದ್ದೇನೆ.

ಸರ್ವರ್‌ಕೋಣೆ:

ಸಾಲದು. ಆ ಕಿಟಕಿ ಮುಚ್ಚಿಡುವುದು ನಿಮ್ಮ ಕಂಪ್ಯೂಟರನ್ನೇ ಬಳಸುವ ಇನ್ನೊಬ್ಬರಿಂದ. ಚರಿತ್ರೆ ಉಳಿಯುವುದಿಲ್ಲ, ಮುಚ್ಚಿದಾಗ ಕುಕೀಗಳು, ಅಂದರೆ ತಾಣಗಳು ಬ್ರೌಸರ್‌ನಲ್ಲಿ ಇಟ್ಟುಹೋಗುವ ಗುರುತಿನ ಚೀಟಿಗಳು, ಹೋಗುತ್ತವೆ. ಆದರೆ ಹುಡುಕಿದ ಪದ ಗೂಗಲ್‌ನ ಸರ್ವರಿಗೆ ಹೋಗಿಯೇ ಹೋಗುತ್ತದೆ, ನಿಮ್ಮ ಐಪಿ ವಿಳಾಸದ (ಜಾಲದಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯ) ಜೊತೆಗೆ. ಇದೇ ವಿಷಯಕ್ಕೆ 2020ರಲ್ಲಿ ಅಮೆರಿಕದಲ್ಲಿ ಮೊಕದ್ದಮೆ ಹೂಡಲಾಯಿತು. 2024ರ ರಾಜಿಯಲ್ಲಿ ಗೂಗಲ್ ಕೋಟಿಗಟ್ಟಲೆ ದಾಖಲೆಗಳನ್ನು ಅಳಿಸಲು, ಆ ಕಿಟಕಿಯ ವಿವರಣೆಯನ್ನು ಇನ್ನಷ್ಟು ಸ್ಪಷ್ಟಗೊಳಿಸಲು ಒಪ್ಪಿತು.

ಯಾರಿಗೆ ಏನು ಕಾಣುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಗೊಂದಲವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ. ನಿಮ್ಮ ಇಂಟರ್‌ನೆಟ್ ಸೇವೆ ಕೊಡುವ ಸಂಸ್ಥೆಗೆ ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ಸಂಪರ್ಕ ಗೂಢಲಿಪೀಕರಣಗೊಂಡಿರುವುದರಿಂದ ಅಲ್ಲಿ ಏನು ಹುಡುಕಿದಿರಿ ಎಂಬುದು ಕಾಣುವುದಿಲ್ಲ. ಸರ್ಚ್ ಎಂಜಿನ್ ಬದಲಿಸಿದರೂ ಇದರಲ್ಲಿ ವ್ಯತ್ಯಾಸವಿಲ್ಲ. ಸರ್ಚ್ ಎಂಜಿನ್‌ಗೆ ಪದವೂ ಕಾಣುತ್ತದೆ, ಐಪಿ ವಿಳಾಸವೂ ಕಾಣುತ್ತದೆ. ಖಾಸಗಿತನದ ಎಂಜಿನ್‌ಗಳು ಕೊಡುವ ವಚನ, ಈ ಎರಡನ್ನೂ ಜೋಡಿಸಿ ಇಟ್ಟುಕೊಳ್ಳುವುದಿಲ್ಲ ಎಂಬುದು. ಆಮೇಲೆ ಫಲಿತಾಂಶದ ಮೇಲೆ ಒತ್ತಿ ಒಂದು ತಾಣಕ್ಕೆ ಹೋದಿರಿ ಎನ್ನಿ, ಆ ತಾಣದಲ್ಲಿ ಭೇಟಿಗಳನ್ನು ಎಣಿಸುವ ಗೂಗಲ್ ಅನಲಿಟಿಕ್ಸ್ ಎಂಬ ಸಾಧನ ಇದ್ದರೆ ನಿಮ್ಮ ಭೇಟಿಯ ಸುದ್ದಿ ಮತ್ತೆ ಗೂಗಲ್‌ಗೆ ತಲುಪುತ್ತದೆ. ಆದ್ದರಿಂದ ಬ್ರೌಸರ್‌ಗೆ ಸೇರಿಸುವ ಯುಬ್ಲಾಕ್ ಒರಿಜಿನ್ ಎಂಬ ವಿಸ್ತರಣೆಯಂಥ ತಡೆಗೋಡೆ ಇಲ್ಲದೆ ಸರ್ಚ್ ಎಂಜಿನ್ ಮಾತ್ರ ಬದಲಿಸಿದರೆ ಕೆಲಸ ಅರ್ಧವೇ ಆದಂತೆ. ವಿಸ್ತರಣೆಗಳ ಹೊಸ ನಿಯಮದಿಂದಾಗಿ ಕ್ರೋಮ್‌ನಲ್ಲಿ ಅದರ ಪೂರ್ಣ ಆವೃತ್ತಿಗೆ ಬೆಂಬಲ ನಿಂತಿದೆ. ಫೈರ್‌ಫಾಕ್ಸ್‌ನಲ್ಲಿ ನಡೆಯುತ್ತದೆ.

ಎಲ್ಲರೂ ಮರೆಯುವ ಇನ್ನೊಂದು ಕಿಂಡಿ: ವಿಳಾಸ ಪಟ್ಟಿಯಲ್ಲಿ ಟೈಪಿಸುವಾಗಲೇ ಬರುವ ಸಲಹೆಗಳು. ನೀವು ಎಂಟರ್ ಒತ್ತುವ ಮುಂಚೆಯೇ ಅಕ್ಷರ ಅಕ್ಷರವೂ ಬ್ರೌಸರ್‌ನಲ್ಲಿ ಮೊದಲೇ ನಿಗದಿಯಾಗಿರುವ (ಡೀಫಾಲ್ಟ್) ಸರ್ಚ್ ಎಂಜಿನ್‌ಗೆ ಹೋಗುತ್ತಿರುತ್ತದೆ. ಬರೆದು, ಬೇಡವೆಂದು ಅಳಿಸಿದ್ದೂ ಅದರಲ್ಲಿ ಸೇರುತ್ತದೆ. ಬ್ರೌಸರ್ ಸೆಟ್ಟಿಂಗ್‌ನಲ್ಲಿ ಸಲಹೆಗಳನ್ನು ನಿಲ್ಲಿಸಿ. ನನ್ನ ಮಟ್ಟಿಗೆ ಮೊದಲು ಮಾಡಬೇಕಾದ ಬದಲಾವಣೆ ಇದೇ.

ಓರೆಗೆರೆ:

ವಚನ ಎಂದಿರಲ್ಲ, ನನ್ನ ತಕರಾರು ಅದೇ ಪದದ ಮೇಲೆ. ನಾನು ಖಾಸಗಿತನದ ಪರವೇ. ಆದರೆ ‘ನಾವು ಏನೂ ದಾಖಲಿಸುವುದಿಲ್ಲ’ ಎಂದು ಒಂದು ಸಂಸ್ಥೆ ಹೇಳಿದರೆ ಅದನ್ನು ಹೊರಗಿನಿಂದ ಪರೀಕ್ಷಿಸುವ ದಾರಿ ನಮಗಿಲ್ಲ.

ಖಾಸಗಿತನದ ಸರ್ಚ್ ಎಂಜಿನ್ ಎನ್ನಿಸಿಕೊಂಡ ಡಕ್‌ಡಕ್‌ಗೋವನ್ನೇ ತೆಗೆದುಕೊಳ್ಳಿ. 2008ರಿಂದ ಇದೆ, ಬಹಳ ಜನ ಮೊದಲು ಹೋಗುವುದೂ ಅಲ್ಲಿಗೆ. 2022ರಲ್ಲಿ ಅದರ ಮೊಬೈಲ್ ಬ್ರೌಸರ್ ಬೇರೆ ತಾಣಗಳಲ್ಲಿದ್ದ ಮೈಕ್ರೋಸಾಫ್ಟ್‌ನ ಕೆಲವು ಟ್ರ್ಯಾಕರ್‌ಗಳನ್ನು (ಬಳಕೆದಾರರ ಜಾಡು ಹಿಡಿಯುವ ತುಣುಕುಗಳನ್ನು) ತಡೆಯುತ್ತಿಲ್ಲ ಎಂಬುದನ್ನು ಒಬ್ಬ ಭದ್ರತಾ ಸಂಶೋಧಕರು ಬಯಲಿಗೆ ತಂದರು. ಮೈಕ್ರೋಸಾಫ್ಟ್ ಜೊತೆಗಿನ ಒಪ್ಪಂದ ಅದಕ್ಕೆ ಕಾರಣವಾಗಿತ್ತು. ಹುಡುಕಾಟಕ್ಕೂ ಇದಕ್ಕೂ ನೇರ ಸಂಬಂಧವಿರಲಿಲ್ಲ, ಆಗಸ್ಟ್‌ನಲ್ಲಿ ಆ ತಡೆಯನ್ನೂ ಸೇರಿಸಿದರು. ಆದರೂ ಹೊರಗಿನವರು ಹೇಳುವವರೆಗೆ ಬಳಕೆದಾರರಿಗೆ ಗೊತ್ತಿರಲಿಲ್ಲ ಎಂಬುದು ಉಳಿಯುತ್ತದೆ. ನೆದರ್ಲೆಂಡ್ಸ್‌ನ ಸ್ಟಾರ್ಟ್‌ಪೇಜ್ ಎಂಬ ಇಂಥದೇ ಎಂಜಿನ್‌ನಲ್ಲಿ ಸಿಸ್ಟಂ1 ಎಂಬ ಜಾಹೀರಾತು ಸಂಸ್ಥೆಯ ಅಂಗವೊಂದು ಹಣ ಹೂಡಿದ ವಿಷಯ 2019ರಲ್ಲಿ ಹೊರಬಂದಾಗಲೂ ಇದೇ ಪ್ರಶ್ನೆ ಎದ್ದಿತು.

ಇದಕ್ಕಿಂತ ಆಳದ ಸಮಸ್ಯೆ ಇಂಡೆಕ್ಸ್‌ನದು. ಜಾಲವನ್ನೆಲ್ಲ ತಾನೇ ಸುತ್ತಿ ಪುಟಗಳನ್ನು ಪಟ್ಟಿ ಮಾಡಿಕೊಳ್ಳುವ ಶಕ್ತಿ ಕೆಲವರಿಗೆ ಮಾತ್ರ ಇದೆ. ಉಳಿದವರು ಎರವಲು ತರುತ್ತಾರೆ. ಡಕ್‌ಡಕ್‌ಗೋದ ಸಾಮಾನ್ಯ ಫಲಿತಾಂಶಗಳು ಬಹುಪಾಲು ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್‌ನಿಂದ ಬರುತ್ತವೆ, ಇಕೋಸಿಯಾ ಮತ್ತು ಕ್ವಾಂಟ್ ಕೂಡ ಬಿಂಗನ್ನೇ ಬಹುವಾಗಿ ನೆಚ್ಚಿಕೊಂಡು ಬೆಳೆದವು, ಸ್ಟಾರ್ಟ್‌ಪೇಜ್ ಮುಖ್ಯವಾಗಿ ಗೂಗಲ್‌ಗೆ ಹಣ ಕೊಟ್ಟು ತರುತ್ತದೆ. 2024ರ ಮೇ 23ರಂದು ಬಿಂಗ್ ಕೆಟ್ಟು ನಿಂತಾಗ ಡಕ್‌ಡಕ್‌ಗೋ, ಇಕೋಸಿಯಾ ಎರಡೂ ಫಲಿತಾಂಶ ಕೊಡಲಾಗದೆ ನಿಂತವು. 2025ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಹೊರಗಿನವರಿಗೆ ಬಿಂಗ್ ಫಲಿತಾಂಶ ಕೊಡುತ್ತಿದ್ದ ಸಾರ್ವಜನಿಕ ಎಪಿಐಯನ್ನೇ ಮುಚ್ಚಿತು. ದೊಡ್ಡ ಒಪ್ಪಂದವಿರುವವರು ಉಳಿದುಕೊಂಡರು, ಚಿಕ್ಕವರಿಗೆ ದಾರಿ ತಪ್ಪಿತು. ನಾವು ಒಂದು ಅಂಗಳ ಬಿಟ್ಟು ಇನ್ನೊಂದಕ್ಕೆ ಬಂದೆವು ಎಂದುಕೊಳ್ಳುತ್ತೇವೆ, ಕೆಳಗಿನ ನೆಲ ಅದೇ ಎರಡು ಸಂಸ್ಥೆಗಳದು.

ಮರಕುಟಿಗ:

ಓರೆಗೆರೆಯವರ ಮಾತನ್ನು ಪೂರ್ತಿ ಒಪ್ಪುತ್ತೇನೆ, ಅದರಿಂದ ತೆಗೆಯುವ ತೀರ್ಮಾನ ಮಾತ್ರ ನನ್ನದು ಬೇರೆ.

ಪರೀಕ್ಷಿಸಲಾಗದ ವಚನ ಎಂಬುದು ನಿಜ. ಆದರೆ ಆದಾಯ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬಹುದು. ಡಕ್‌ಡಕ್‌ಗೋ ತೋರಿಸುವ ಜಾಹೀರಾತು ಆ ಕ್ಷಣ ಹುಡುಕಿದ ಪದವನ್ನು ಆಧರಿಸಿದ್ದು. ಸೈಕಲ್ ಎಂದು ಹುಡುಕಿದರೆ ಸೈಕಲ್ಲಿನ ಜಾಹೀರಾತು ಬರುತ್ತದೆ, ಅದಕ್ಕೆ ನಿನ್ನೆ ನಾನು ಏನು ಹುಡುಕಿದೆ ಎಂಬುದು ಬೇಕಿಲ್ಲ. ಕಾಗಿ ಎಂಬ ಸರ್ಚ್ ಎಂಜಿನ್‌ನಂಥದ್ದು ಜಾಹೀರಾತನ್ನೇ ಬಿಟ್ಟು ಬಳಕೆದಾರರಿಂದ ಶುಲ್ಕ ಪಡೆಯುತ್ತದೆ. ಚಂದಾದಾರನ ಖಾತೆಗೂ ಅವನ ಹುಡುಕಾಟಕ್ಕೂ ಕೊಂಡಿ ಬೀಳದಂತೆ 2025ರಲ್ಲಿ ಅದು ‘ಪ್ರೈವಸಿ ಪಾಸ್’ ಎಂಬ ವ್ಯವಸ್ಥೆ ತಂದಿತು. ಹಣ ಕೊಟ್ಟಿದ್ದೇವೆ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ, ಕೊಟ್ಟವರು ಯಾರೆಂದು ತಿಳಿಯುವುದಿಲ್ಲ. ಇದು ಬರಿಯ ವಚನಕ್ಕಿಂತ ಒಂದು ಹೆಜ್ಜೆ ಮುಂದಿನದು, ಏಕೆಂದರೆ ಇಲ್ಲಿ ಗುಟ್ಟನ್ನು ಕಾಪಾಡುವುದು ಗೂಢಲಿಪಿಯ ಗಣಿತ.

ಸ್ವಂತ ಇಂಡೆಕ್ಸ್ ಇರುವವರೂ ಇದ್ದಾರೆ. ಬ್ರೇವ್ ಸರ್ಚ್ 2021ರಲ್ಲಿ ಶುರುವಾಗಿ 2023ರಲ್ಲಿ ಬಿಂಗ್‌ನ ಮೇಲಿನ ಅವಲಂಬನೆಯನ್ನು ಕಳಚಿಕೊಂಡಿತು. ಬ್ರಿಟನ್ನಿನ ಮೊಜೀಕ್ ಜಾಲವನ್ನು ಸುತ್ತಿ ಪುಟಗಳನ್ನು ತರುವ ತನ್ನದೇ ಕ್ರಾಲರ್ ಇಟ್ಟುಕೊಂಡು 2004ರಿಂದ ನಡೆಯುತ್ತಿದೆ. ಅದು ಚಿಕ್ಕದು, ಒರಟು, ಆದರೆ ಬೇರೆಯವರಲ್ಲಿ ಕಾಣದ ಪುಟಗಳನ್ನು ಎತ್ತಿ ತೋರಿಸುತ್ತದೆ. ಕ್ವಾಂಟ್ ಮತ್ತು ಇಕೋಸಿಯಾ ಸೇರಿ ಯುರೋಪಿನಲ್ಲಿ ತಮ್ಮದೇ ಇಂಡೆಕ್ಸ್ ಕಟ್ಟುವ ಕೆಲಸಕ್ಕೆ 2024ರಲ್ಲಿ ಕೈಹಾಕಿವೆ. ಇವೆಲ್ಲ ಬದುಕಬೇಕಾದರೆ ಜನ ಹೋಗಿ ಬಳಸಬೇಕು. ನೆಲ ಎರಡೇ ಸಂಸ್ಥೆಗಳದ್ದು ಎಂದು ಕೈಕಟ್ಟಿ ಕುಳಿತರೆ ಮೂರನೆಯದು ಹುಟ್ಟುವುದಾದರೂ ಹೇಗೆ?

ಬಿಳಿಹಾಳೆಯವರು ಹಾನಿಯ ಬಗ್ಗೆ ಕೇಳಿದ್ದರು. 2020ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್‌ನಲ್ಲಿ ಮನೆಯೊಂದಕ್ಕೆ ಬೆಂಕಿ ಹಚ್ಚಿ ಐವರನ್ನು ಕೊಂದ ಪ್ರಕರಣವಿದೆ. ತನಿಖೆಗೆ ದಾರಿ ಸಿಗದಾಗ ಪೊಲೀಸರು, ಘಟನೆಗೆ ಮುಂಚಿನ ದಿನಗಳಲ್ಲಿ ಆ ವಿಳಾಸವನ್ನು ಹುಡುಕಿದವರೆಲ್ಲರ ಮಾಹಿತಿ ಕೊಡುವಂತೆ ಗೂಗಲ್‌ಗೆ ವಾರಂಟ್ ನೀಡಿದರು. ಆರೋಪಿಗಳು ಸಿಕ್ಕಿದರು, ಸಿಗಬೇಕಾದದ್ದೇ. 2023ರಲ್ಲಿ ಕೊಲೊರಾಡೊ ಸುಪ್ರೀಂ ಕೋರ್ಟ್ ಆ ಸಾಕ್ಷ್ಯವನ್ನು ಬಳಸಬಹುದು ಎಂದಿತು. ಆದರೆ ವಾರಂಟ್‌ನ ಸ್ವರೂಪವನ್ನು ಗಮನಿಸಿ. ಶಂಕಿತ ಇವನು, ಇವನ ಹುಡುಕಾಟ ತೋರಿಸಿ ಎಂದು ಕೇಳಲಿಲ್ಲ. ಈ ಪದ ಹುಡುಕಿದವರೆಲ್ಲ ಯಾರು ಎಂದು ಕೇಳಿದರು. ಇಂದು ವಿಳಾಸದ ಬಗ್ಗೆ ಕೇಳಿದಂತೆ ನಾಳೆ ಔಷಧದ ಬಗ್ಗೆ, ಪ್ರತಿಭಟನೆಯ ಬಗ್ಗೆ ಕೇಳಲು ಅಡ್ಡಿ ಏನು? ಅದಕ್ಕೆ ಇರುವ ಗಟ್ಟಿ ತಡೆ, ದಾಖಲೆಯೇ ಇಲ್ಲದಿರುವುದು. ಇಟ್ಟುಕೊಳ್ಳದ್ದನ್ನು ಯಾರೂ ಕೊಡಲಾರರು.

ಗ್ರಂಥಪಾಲಕಿಯವರ ತಿದ್ದುಪಡಿಯೂ ಸರಿ. ಸಾಧಾರಣ ಹುಡುಕಾಟವೇ ಗುರುತು ಕೊಡುತ್ತದೆ ಎಂದಾದರೆ, ಆ ಗುರುತಿನ ಜೊತೆ ಸೂಕ್ಷ್ಮವಾದದ್ದು ಇರದಂತೆ ಮಾಡುವುದು ಮೊದಲ ಹೆಜ್ಜೆಯಾಗಲಿ ಎಂಬುದಷ್ಟೇ ನನ್ನ ವಾದ.

ತೆರೆದಪುಟ:

ಕನ್ನಡದಲ್ಲಿ ಹುಡುಕುವವರ ಕಷ್ಟ ಯಾರೂ ಹೇಳಲಿಲ್ಲ. ನಾನು ಬಹುತೇಕ ಕನ್ನಡ ಲಿಪಿಯಲ್ಲಿಯೇ ಹುಡುಕುತ್ತೇನೆ. ಇಂಗ್ಲಿಷಿನಲ್ಲಿ ಹುಡುಕುವಾಗ ಪರ್ಯಾಯಗಳು ಸಾಕಷ್ಟು ಚೆನ್ನಾಗಿವೆ. ಕನ್ನಡಕ್ಕೆ ಬಂದರೆ ಚಿಕ್ಕ ಇಂಡೆಕ್ಸ್ ಇರುವಲ್ಲಿ ಫಲಿತಾಂಶ ತೀರ ತೆಳುವಾಗುತ್ತದೆ. ನಮ್ಮ ಭಾಷೆಯಲ್ಲಿ ಒಂದೇ ನಾಮಪದಕ್ಕೆ ವಿಭಕ್ತಿ ಸೇರಿದಂತೆಲ್ಲ ರೂಪ ಬದಲಾಗುತ್ತದೆ, ಸಂಧಿಯಾದರೆ ಎರಡು ಪದ ಒಂದಾಗುತ್ತದೆ. ಅಕ್ಷರಶಃ ಹೋಲಿಸುವ ಯಂತ್ರಕ್ಕೆ ‘ನದಿ’ಯೂ ‘ನದಿಯಲ್ಲಿ’ಯೂ ಬೇರೆ ಬೇರೆ. ನಾನು ಕಂಡುಕೊಂಡ ಉಪಾಯ, ಪ್ರತ್ಯಯವಿಲ್ಲದ ಮೂಲರೂಪದಲ್ಲಿ, ಬಿಡಿ ಪದಗಳಾಗಿ ಬರೆಯುವುದು. ‘ಕೆರೆಗಳಲ್ಲಿ ಹೂಳು ತೆಗೆಯುವ ವಿಧಾನಗಳು’ ಎನ್ನುವ ಬದಲು ‘ಕೆರೆ ಹೂಳು ವಿಧಾನ’ ಎಂದು ಕೊಟ್ಟು ನೋಡಿ.

ಇನ್ನೊಂದು ದಾರಿಯೂ ಇದೆ. ನಮಗೆ ಬೇಕಾದದ್ದು ಎಲ್ಲಿದೆ ಎಂದು ಗೊತ್ತಿರುವಾಗಲೂ ಅಭ್ಯಾಸಬಲದಿಂದ ಸರ್ಚ್ ಎಂಜಿನ್‌ಗೆ ಹೋಗುತ್ತೇವೆ. ವಿಶ್ವಕೋಶದ ಲೇಖನ ಬೇಕಿದ್ದರೆ ಕನ್ನಡ ವಿಕಿಪೀಡಿಯದಲ್ಲಿ, ಹಳೆಯ ಕೃತಿ ಬೇಕಿದ್ದರೆ ವಿಕಿಸೋರ್ಸ್‌ನಲ್ಲಿ ನೇರವಾಗಿ ಹುಡುಕಬಹುದು. ಫೈರ್‌ಫಾಕ್ಸ್‌ನಲ್ಲಿ ಯಾವುದೇ ತಾಣದ ಹುಡುಕು ಪೆಟ್ಟಿಗೆಗೆ ಕಿರುಹೆಸರು ಕೊಟ್ಟು, ವಿಳಾಸ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಪದ ಬರೆದರೆ ನೇರ ಅಲ್ಲಿಗೇ ಹೋಗುತ್ತದೆ. ಡಕ್‌ಡಕ್‌ಗೋದ ‘ಬ್ಯಾಂಗ್’ ಮಾಡುವುದೂ ಇದನ್ನೇ. ಆಶ್ಚರ್ಯಸೂಚಕ ಚಿಹ್ನೆಯ ಜೊತೆ ಒಂದು ಕಿರುಸಂಕೇತ ಬರೆದರೆ ಆ ತಾಣದೊಳಗೆ ಹುಡುಕುತ್ತದೆ. ನೆನಪಿಡಬೇಕಾದದ್ದು, ಬ್ಯಾಂಗ್ ಕೊಟ್ಟು ಗೂಗಲ್‌ಗೆ ಹೋದರೆ ಹುಡುಕಾಟ ಗೂಗಲ್‌ನದೇ, ಅಲ್ಲಿ ಯಾವ ರಕ್ಷಣೆಯೂ ಉಳಿಯುವುದಿಲ್ಲ. ಕನ್ನಡಕ್ಕೆ ಗೂಗಲ್ ಫಲಿತಾಂಶವೇ ಬೇಕೆನಿಸಿದಾಗ ನಾನು ಸ್ಟಾರ್ಟ್‌ಪೇಜ್ ಬಳಸುತ್ತೇನೆ. ನನ್ನ ಐಪಿ ವಿಳಾಸವನ್ನು ಕಳಚಿ ಪ್ರಶ್ನೆಯನ್ನು ಮಾತ್ರ ಅದು ಮುಂದೆ ಕಳಿಸುತ್ತದೆ.

ನೀಲಿಶಾಯಿ:

ಸರ್ಕ್ಸ್‌ಎನ್‌ಜಿ ಎಂಬುದನ್ನು ಸ್ವಂತ ಸರ್ವರಿನಲ್ಲಿ ನಡೆಸಬಹುದಂತೆ. ಅದು ಎಲ್ಲಕ್ಕಿಂತ ಸುರಕ್ಷಿತ ಅಲ್ಲವೇ?

ಸರ್ವರ್‌ಕೋಣೆ:

ಹೇಗೆ ನಡೆಸುತ್ತೀರಿ ಎಂಬುದರ ಮೇಲೆ ನಿಂತಿದೆ. ಅದು ನಿಮ್ಮ ಪ್ರಶ್ನೆಯನ್ನು ಹಲವು ಸರ್ಚ್ ಎಂಜಿನ್‌ಗಳಿಗೆ ಕಳಿಸಿ, ಬಂದದ್ದನ್ನು ಬೆರೆಸಿ ಕೊಡುವ ಮುಕ್ತ ತಂತ್ರಾಂಶ. ನಿಮ್ಮ ಸರ್ವರನ್ನು ನೀವೊಬ್ಬರೇ ಬಳಸಿದರೆ, ಅಲ್ಲಿಂದ ಹೊರಡುವ ಹುಡುಕಾಟವೆಲ್ಲ ನಿಮ್ಮದೇ, ಅದರ ಐಪಿ ವಿಳಾಸವೂ ಬದಲಾಗುವುದಿಲ್ಲ. ಕುಕೀ ಮತ್ತು ಖಾತೆಯ ಕಾಟ ತಪ್ಪುತ್ತದೆ, ಆದರೆ ಗುಂಪಿನೊಳಗೆ ಕರಗುವ ಲಾಭ ಸಿಗುವುದಿಲ್ಲ. ಹತ್ತಾರು ಜನ ಹಂಚಿಕೊಂಡು ಬಳಸಿದರೆ ಆ ಲಾಭವೂ ಸಿಗುತ್ತದೆ. ಬೇರೆಯವರು ನಡೆಸುವ ಸಾರ್ವಜನಿಕ ಸರ್ವರ್ ಬಳಸಿದರೆ, ಆ ನಿರ್ವಾಹಕರಿಗೆ ನಿಮ್ಮ ಹುಡುಕಾಟ ಕಾಣಬಹುದು. ಜೊತೆಗೆ ದೊಡ್ಡ ಎಂಜಿನ್‌ಗಳು ಇಂಥ ಸರ್ವರ್‌ಗಳನ್ನು ಯಂತ್ರವೆಂದು ಗುರುತಿಸಿ ಆಗಾಗ ತಡೆಯುತ್ತವೆ, ನಿರ್ವಹಣೆಗೆ ತಾಳ್ಮೆ ಬೇಕು. ಕಲಿಯುವ ಹುಮ್ಮಸ್ಸಿದ್ದರೆ ಖಂಡಿತ ನಡೆಸಿ. ಸುಮ್ಮನೆ ಹುಡುಕಬೇಕಷ್ಟೇ ಎನ್ನುವವರಿಗೆ ನಾನು ಹೇಳುವುದಿಲ್ಲ.

ಬಿಳಿಹಾಳೆ:

ಎಲ್ಲವನ್ನೂ ಓದಿದೆ. ವಾರಂಟ್‌ನ ವಿಷಯ ನನಗೆ ಗೊತ್ತಿರಲಿಲ್ಲ, ಅದು ಮನಸ್ಸಿನಲ್ಲಿ ನಿಂತಿದೆ. ವೃತ್ತಿಯ ಹುಡುಕಾಟಕ್ಕೆ ಗೂಗಲ್ ಇಟ್ಟುಕೊಂಡು ಮನೆಯ ವಿಷಯಗಳಿಗೆ ಬೇರೆಯದನ್ನು ಬಳಸಿ ನೋಡುತ್ತೇನೆ. ನನ್ನ ವೈಯಕ್ತಿಕ ಹುಡುಕಾಟ ಹೆಚ್ಚಾಗಿ ಫೋನಿನಲ್ಲಿ. ಅಲ್ಲಿ ಏನೇನು ಬದಲಿಸಬೇಕು? ಈವರೆಗೆ ಸೇರಿಕೊಂಡಿರುವ ಹಳೆಯ ಚರಿತ್ರೆಯ ಗತಿ ಏನು?

ಓರೆಗೆರೆ:

ಫೋನಿನ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ನಿಜವಾದ ಕಟ್ಟುಪಾಡು ಇರುವುದು ಅಲ್ಲಿಯೇ. ಗೂಗಲ್ ಹುಡುಕಾಟದ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ ಎಂದು 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ತೀರ್ಪು ಕೊಟ್ಟರು. ಡೀಫಾಲ್ಟ್ ಜಾಗ ಪಡೆಯಲು ಗೂಗಲ್ 2021ರ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರ್ ಪಾವತಿಸಿತ್ತು ಎಂಬುದು ಆ ವಿಚಾರಣೆಯಲ್ಲಿ ಹೊರಬಂತು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಆದಾಯದ ದೊಡ್ಡ ಪಾಲು ಕೂಡ ಇದೇ ಬಗೆಯ ಪಾವತಿಯಿಂದ ಬರುತ್ತದೆ. ಜನ ಡೀಫಾಲ್ಟನ್ನು ಬದಲಿಸುವುದಿಲ್ಲ ಎಂಬ ನಂಬಿಕೆಗೆ ಕಟ್ಟಿದ ಬೆಲೆ ಅದು. ನೀವು ಬದಲಿಸುವುದು ಅದಕ್ಕೇ ಮುಖ್ಯ.

ಮರಕುಟಿಗ:

ಕೆಲಸದ ಕ್ರಮ ಹೇಳುತ್ತೇನೆ. ಆಂಡ್ರಾಯ್ಡ್ ಫೋನಿನಲ್ಲಿ ಫೈರ್‌ಫಾಕ್ಸ್ ಅಥವಾ ಬ್ರೇವ್ ಹಾಕಿಕೊಂಡು ಅದನ್ನೇ ಡೀಫಾಲ್ಟ್ ಬ್ರೌಸರ್ ಮಾಡಿ, ಅದರ ಸೆಟ್ಟಿಂಗ್‌ನಲ್ಲಿ ಸರ್ಚ್ ಎಂಜಿನ್ ಆರಿಸಿ, ಸಲಹೆಗಳನ್ನು ನಿಲ್ಲಿಸಿ. ಮುಖಪುಟದಲ್ಲಿ ಇರುವ ಗೂಗಲ್ ಹುಡುಕು ಪಟ್ಟಿಯನ್ನು ತೆಗೆದು ಹೊಸ ಬ್ರೌಸರ್‌ನ ಪಟ್ಟಿಯನ್ನು ಅದೇ ಜಾಗದಲ್ಲಿ ಇಡಿ. ಬೆರಳು ತಾನಾಗಿ ಹೋಗುವುದು ಅಲ್ಲಿಗೇ, ಅದು ಇದ್ದಷ್ಟು ದಿನ ಉಳಿದ ಬದಲಾವಣೆಗಳೆಲ್ಲ ವ್ಯರ್ಥ. ಐಫೋನ್ ಆದರೆ ಸಫಾರಿಯ ಸೆಟ್ಟಿಂಗ್‌ನಲ್ಲೇ ಡಕ್‌ಡಕ್‌ಗೋ, ಇಕೋಸಿಯಾ ಇವೆ. ಬೇರೆ ಎಂಜಿನ್ ಬೇಕಿದ್ದರೆ ಬೇರೆ ಬ್ರೌಸರ್ ಹಾಕಿಕೊಳ್ಳುವುದು ಸುಲಭ.

ಹತ್ತಿರದ ಅಂಗಡಿ, ಆಸ್ಪತ್ರೆ, ತೆರೆಯುವ ವೇಳೆ, ಇವುಗಳಿಗೆ ಗೂಗಲ್ ನಕ್ಷೆಯಷ್ಟು ಮಾಹಿತಿ ಬೇರೆಡೆ ಸಿಗದೇ ಹೋಗಬಹುದು. ಅದಕ್ಕಾಗಿ ಎಲ್ಲವನ್ನೂ ಕೈಬಿಡಬೇಡಿ. ನಕ್ಷೆಯನ್ನು ಖಾತೆಯಿಲ್ಲದೆ ಬ್ರೌಸರ್‌ನಲ್ಲಿ ತೆರೆದು, ನೋಡಿ, ಮುಚ್ಚಿ.

ಹಳೆಯ ಚರಿತ್ರೆ ನಿಮ್ಮ ಗೂಗಲ್ ಖಾತೆಯ ‘ಮೈ ಆ್ಯಕ್ಟಿವಿಟಿ’ ಪುಟದಲ್ಲಿದೆ. ‘ವೆಬ್ ಮತ್ತು ಆ್ಯಪ್ ಚಟುವಟಿಕೆ’ ಎಂಬುದನ್ನು ನಿಲ್ಲಿಸಿ, ಹಿಂದಿನದನ್ನೆಲ್ಲ ಅಳಿಸುವ ಆಯ್ಕೆ ಅಲ್ಲಿಯೇ ಇದೆ. 2020ರಿಂದ ಹೊಸ ಖಾತೆಗಳಲ್ಲಿ 18 ತಿಂಗಳಾದ ಮೇಲೆ ತಾನಾಗಿ ಅಳಿಯುವಂತೆ ಮಾಡಿದ್ದಾರೆ. ಹಳೆಯ ಖಾತೆಗಳಿಗೆ ಅದು ತಾನಾಗಿ ಅನ್ವಯವಾಗಲಿಲ್ಲ, ನೀವೇ ಹೋಗಿ ಆರಿಸಬೇಕು. ಯೂಟ್ಯೂಬ್ ಚರಿತ್ರೆಗೆ ಪ್ರತ್ಯೇಕ ಗುಂಡಿಯಿದೆ, ಅದನ್ನು ಮರೆಯಬೇಡಿ. ಅಳಿಸುವ ಮುಂಚೆ ಬೇಕೆನಿಸಿದರೆ ‘ಟೇಕ್‌ಔಟ್’ ಮೂಲಕ ಒಂದು ಪ್ರತಿ ಇಳಿಸಿಕೊಳ್ಳಿ. ಇಳಿಸಿಕೊಂಡು ಒಮ್ಮೆ ಓದಿ ನೋಡಿ ಎಂದೂ ಹೇಳುತ್ತೇನೆ, ಏನೇನು ಉಳಿದಿದೆ ಎಂಬುದು ಅಲ್ಲಿ ಕಾಣುತ್ತದೆ. ಆ ಪ್ರತಿಯನ್ನು ಮಾತ್ರ ಗೂಗಲ್ ಡ್ರೈವ್‌ಗೆ ಕಳಿಸುವ ಆಯ್ಕೆ ಒತ್ತಬೇಡಿ, ನಿಮ್ಮ ಕಂಪ್ಯೂಟರಿಗೇ ಇಳಿಸಿ.